ಹೊರಗಿನ ಫಲಕವೂ ಒಳಗಿನ ಪಾಠವೂ

(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಶುಭಸಮಯದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾದುದು ನನ್ನ ಭಾಗ್ಯವೆಂದೇ ತಿಳಿಯುತ್ತೇನೆ. ನಾನು ಪಂಡಿತನಲ್ಲ, ಬಹುಕಾಲ ಹುಡುಗರಿಗೆ ಪಾಠ ಹೇಳಿ ಈಗ ವಿಶ್ರಾಂತನಾಗಿರುವ ಮಾಸ್ತರನು. ಆದಕಾರಣ ನನ್ನ ಮಾತು ಪಾಠದ ಕೋಣೆಯನ್ನು ಬಿಟ್ಟು ದೂರ ಹೋಗಲಾರದು. ಬಡವರ ಮಕ್ಕಳು ಉಚ್ಚ ಶಿಕ್ಷಣದ ಹೊಸ್ತಿಲನ್ನು ದಾಟಿದ ಮೇಲೆ ಒಳಗೆ ಅವರ ಗತಿಯೇನಾಗುವುದು, ಅದನ್ನು ವಿಚಾರಿಸಬೇಕಾದ ಮುಂದಾಳುಗಳು ಯಾರು, ಎಂಬುದೇ ಇಂದಿನ ನನ್ನ ವಿಷಯವು.

ನಮ್ಮ ಬೀದರವು ವಿದ್ಯೆಗೆ ಹೊಸ ಊರಲ್ಲ. ೧೪೭೨ರಲ್ಲಿ ಬಹಮನೀ ಮಂತ್ರಿ ಮಹಮೂದ ಗವಾನನು ಇಲ್ಲಿ ಕಟ್ಟಿಸಿದ ಮದರಸೆಯು ಇಂದಿಗೂ ನಿಂತಿರುವುದು. ವಿದ್ಯಾರ್ಥಿಗಳಿಗೂ ಗುರುಗಳಿಗೂ ಅದರಲ್ಲಿ ವಸತಿಯಿದ್ದಿತು, ಗ್ರಂಥಭಾಂಡಾರವಿದ್ದಿತು. ಆದರೆ ಅಲ್ಲಿಯ ವಿದ್ಯೆಯು ಅರಬ್ಬೀ ಪಾರಸೀ ಭಾಷೆಗಳಲ್ಲಿದ್ದುದರಿಂದ, ಹೊಲದಲ್ಲಿ ಜೋಳ ಬಿತ್ತುವವನ ಮಗನಿಗೆ ಆ ಮಿನಾರು ದೂರದಿಂದ ನೋಡುವ ವಸ್ತುವೇ ಆಗಿದ್ದಿರಬೇಕು. ಮುಂದೆ ೧೯೧೮ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಗಿ, ಇಂಗ್ಲಿಷನ್ನು ಎರಡನೆಯ ಸ್ಥಾನಕ್ಕಿರಿಸಿ, ಉರ್ದುವಿನಲ್ಲಿ ಉಚ್ಚ ವಿದ್ಯೆಯನ್ನು ಕಲಿಸತೊಡಗಿತು. ದೇಶಭಾಷೆಯಲ್ಲಿ ಶಾಸ್ತ್ರವನ್ನು ಹೇಳಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಆ ಕೀರ್ತಿಯನ್ನು ನಾವು ಅಲ್ಲಗಳೆಯಲಾಗದು. ಆದರೆ ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ತೆಲುಗನ್ನೋ ಆಡುವ ಕೂಸಿಗೆ ಉರ್ದುವೂ ಕಲಿತೇ ಬರಬೇಕಾದ ಮಾತಾಗಿತ್ತು.

ಅಂಥ ಕಾಲದಲ್ಲಿ ಔರಾದ ಸೀಮೆಯ ಕಮಲನಗರದಲ್ಲಿ ಜನಿಸಿ ಭಾಲ್ಕಿಯ ಹಿರೇಮಠದ ಪೀಠವನ್ನೇರಿದ ಪೂಜ್ಯ ಚನ್ನಬಸವ ಪಟ್ಟದ್ದೇವರು ಮಾಡಿದ ಕಾರ್ಯವನ್ನು ತಾವೆಲ್ಲರೂ ಬಲ್ಲಿರಿ. ನಿಜಾಮ ಸರಕಾರದ ಕಣ್ಣಿಗೆ ಕಾಣುವಂತೆ ಶಾಲೆಯ ಹೊರಗೆ ಉರ್ದು ಫಲಕ. ಒಳಗೆ ಕನ್ನಡದ ಪಾಠ! ೧೯೩೬ರಲ್ಲಿ ಅವರು ಶಾಂತಿವರ್ಧಕ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಜೋಳಿಗೆ ಹಿಡಿದು ಭಿಕ್ಷೆ ಬೇಡಿ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒದಗಿಸಿದರು. ೧೯೯೯ರಲ್ಲಿ ಲಿಂಗೈಕ್ಯರಾಗುವವರೆಗೆ ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಆ ಮಹನೀಯರನ್ನು ಕನ್ನಡದ ಪಟ್ಟದ್ದೇವರೆಂದು ನಾಡು ಕರೆಯಿತು. ಈ ಕಥೆಯನ್ನು ನಾವು ಕನ್ನಡಾಭಿಮಾನದ ಕಥೆಯೆಂದು ಹೇಳಿ ಸಂತೋಷಪಡುತ್ತೇವೆ. ಅದರಲ್ಲಿ ಇನ್ನೊಂದು ಅರ್ಥವೂ ಇದೆಯೆಂದು ನನಗೆ ತೋರುತ್ತದೆ. ಫಲಕವು ಅರಸರಿಗಾಗಿ, ಪಾಠವು ಮಗುವಿಗಾಗಿ. ಇವೆರಡರಲ್ಲಿ ಯಾವುದು ಮುಖ್ಯವೆಂಬುದನ್ನು ಅವರು ಒಂದು ದಿನವೂ ಮರೆಯಲಿಲ್ಲ.

ಈಗ ಕಾಲವು ತಿರುಗಿದೆ. ೧೯೪೮ರಲ್ಲಿ ನಿಜಾಮನ ಆಳಿಕೆಯು ಮುಗಿಯಿತು. ೧೯೫೬ರಲ್ಲಿ ಬೀದರವು ಕನ್ನಡನಾಡಿನಲ್ಲಿ ಸೇರಿತು. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ ೨೦೨೩ರಲ್ಲಿ ಬೀದರ ವಿಶ್ವವಿದ್ಯಾಲಯವೂ ಬಂದವು. ೨೦೧೨ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ೩೭೧(ಜೆ) ವಿಧಿಯು ಸೇರಿತು. ಅದರನ್ವಯ ೨೦೧೩ರಲ್ಲಿ ಹೊರಟ ಆದೇಶದಂತೆ ಈ ಭಾಗದ ಉಚ್ಚ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ೭೦ ಸ್ಥಾನಗಳು ಇಲ್ಲಿಯ ಮಕ್ಕಳಿಗೆ ಮೀಸಲು. ನಾಡಿನ ಉಳಿದೆಡೆಯೂ ನೂರಕ್ಕೆ ೮. ಹೋರಾಡಿ ಪಡೆದ ಹಕ್ಕು ಇದು, ಚಿಕ್ಕದಲ್ಲ. ಹೊರಗಿನ ಫಲಕವು ಈಗ ನಮ್ಮದೇ ಆಗಿದೆ, ಸಮಾನತೆಯೆಂಬ ಶಬ್ದವನ್ನು ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದೆ.

ಆದರೆ ಒಳಗಿನ ಪಾಠ?

ನನ್ನ ಅನುಭವವನ್ನೇ ಹೇಳುವೆನು. ಔರಾದ ತಾಲೂಕಿನ ಹಳ್ಳಿಯಿಂದ ನಾನು ಪರಸ್ಥಳದ ಒಂದು ಕಾಲೇಜಿಗೆ ಹೋದಾಗ, ಊರಿನ ಶಾಲೆಯಲ್ಲಿ ಮೊದಲಿಗನೆನಿಸಿಕೊಂಡಿದ್ದವನು. ಅಲ್ಲಿ ಇಂಗ್ಲಿಷಿನಲ್ಲಿ ನಡೆದ ವಿಜ್ಞಾನದ ಪಾಠವು ನನಗೆ ಒಂದಕ್ಷರವೂ ತಿಳಿಯಲಿಲ್ಲ. ಕೇಳಲು ನಾಚಿಕೆ, ಕೇಳಿದರೆ ನಗುವವರ ಭಯ. ಮೂರನೆಯ ತಿಂಗಳಿಗೆ ಗಂಟು ಕಟ್ಟಿಕೊಂಡು ಮನೆಗೆ ಬಂದೆನು. ನಮ್ಮವ್ವ, "ಫೀ ಕಟ್ಟಲಿಕ್ಕೆ ಆಗಲಿಲ್ಲೇನಪ್ಪಾ?" ಎಂದು ಕೇಳಿದಳು. ಫೀ ಕಟ್ಟಿಯಾಗಿತ್ತು. ತಿರುಗಿ ಹೋಗಿ ಕಲಿತೆನೆಂದರೆ, ರಾತ್ರಿಯ ಹೊತ್ತು ತಮ್ಮ ಕೋಣೆಗೆ ಕರೆದು ಅದೇ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ ಒಬ್ಬ ಗುರುಗಳ ಪುಣ್ಯದಿಂದ. ನನ್ನೊಡನೆ ಊರಿಗೆ ಬಂದ ಇನ್ನಿಬ್ಬರು ತಿರುಗಿ ಹೋಗಲಿಲ್ಲ. ಅವರು ನನಗಿಂತ ದಡ್ಡರಾಗಿರಲಿಲ್ಲ.

ಪರದೇಶದ ಒಂದು ದೃಷ್ಟಾಂತವನ್ನು ಹೇಳಲು ಅಪ್ಪಣೆಯಾಗಬೇಕು. ಅಮೇರಿಕೆಯಲ್ಲಿ ಲ್ಯಾಟಿನೋ ಎಂಬ ಜನರಿರುವರು. ಮೆಕ್ಸಿಕೋ ಮೊದಲಾದ ನಾಡುಗಳ ಮೂಲದವರು, ಹಲವರ ಮನೆಮಾತು ಸ್ಪ್ಯಾನಿಷು. ಅವರ ಮಕ್ಕಳು ಹೆಚ್ಚಾಗಿ ಕಲಿಯುವ ಕಾಲೇಜುಗಳು ೧೯೮೬ರಲ್ಲಿ ಸ್ಯಾನ್ ಆಂಟೋನಿಯೋ ನಗರದಲ್ಲಿ ಕೂಡಿ ಒಂದು ಸಂಘವನ್ನು ಕಟ್ಟಿದವು. ೧೯೯೨ರಲ್ಲಿ ಅಲ್ಲಿಯ ಕಾಯಿದೆಯು ಅಂಥ ಸಂಸ್ಥೆಗಳನ್ನು ಗುರುತಿಸಿತು. ವಿದ್ಯಾರ್ಥಿಗಳಲ್ಲಿ ನಾಲ್ಕರಲ್ಲೊಂದು ಪಾಲು ಆ ಜನರ ಮಕ್ಕಳಿರಬೇಕೆಂಬುದು ಮುಖ್ಯ ಲಕ್ಷಣವಾಯಿತು. ಕೆಲಕಾಲದಲ್ಲಿಯೇ ಅವರೊಳಗೆ ಪ್ರಶ್ನೆಯೆದ್ದಿತು: ಹೆಸರು ಹಚ್ಚಿಕೊಂಡ ಮಾತ್ರಕ್ಕೆ ಸೇವೆ ಮಾಡಿದಂತಾಯಿತೇ? ಎಷ್ಟು ಮಕ್ಕಳು ಪದವಿ ಪಡೆದು ಹೊರಬಿದ್ದರು? ಅಧ್ಯಾಪಕರಲ್ಲಿ, ಆಡಳಿತದ ಪೀಠದಲ್ಲಿ ಆ ಮನೆಗಳಿಂದ ಬಂದವರು ಎಷ್ಟು ಮಂದಿ? ಅವರ ಪ್ರಶ್ನೆಯೇ ನಮ್ಮ ಪ್ರಶ್ನೆಯೂ ಅಹುದು.

ಸರಕಾರವು ಸ್ಥಾನ ಕೊಟ್ಟಿದೆ, ವಿದ್ಯಾರ್ಥಿವೇತನ ಕೊಡುತ್ತದೆ, ಇನ್ನು ಮಠದ ಕೆಲಸವೇನೆಂದು ಕೆಲವರು ಕೇಳಬಹುದು. ಕಾಯಿದೆಯು ಬಾಗಿಲನ್ನು ತೆರೆಯಬಲ್ಲದು. ಒಳಗೆ ಬಂದ ಕೂಸಿನ ಮೋರೆ ಬಾಡಿರುವುದನ್ನು ಕಾಯಿದೆಯು ಕಾಣಲಾರದು. ಅದನ್ನು ಕಾಣುವವನೇ ಮುಂದಾಳು. ಆದ್ದರಿಂದ ಶ್ರೀಮಠದಲ್ಲಿಯೂ ನಮ್ಮ ವಿದ್ಯಾಸಂಸ್ಥೆಗಳ ಹಿರಿಯರಲ್ಲಿಯೂ ಮೂರು ಬಿನ್ನಹಗಳನ್ನು ಮಾಡಿಕೊಳ್ಳುತ್ತೇನೆ.

ಮೊದಲನೆಯದು: ಕಾಲೇಜಿನ ಮೊದಲ ವರ್ಷದಲ್ಲಿ ಪ್ರತಿ ಸಂಜೆಯೂ ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಅದರ ಇಂಗ್ಲಿಷ್ ಪರಿಭಾಷೆಯನ್ನು ಕಲಿಸುವ ಏರ್ಪಾಡಾಗಲಿ. ಇಂಗ್ಲಿಷು ಬೇಡವೆಂದು ನಾನು ಹೇಳುತ್ತಿಲ್ಲ. ಕನ್ನಡದ ಮೆಟ್ಟಿಲನ್ನೇರಿ ಅದನ್ನು ಮುಟ್ಟಲಿ ಎನ್ನುತ್ತೇನೆ. ಔರಾದದ ಗಡಿಯಲ್ಲಿ ಮರಾಠಿ, ತೆಲುಗು, ಲಂಬಾಣಿ ಆಡುವ ಮನೆಗಳೂ ಉಂಟು. ಉರ್ದುವಿನ ಮುಂದೆ ನಾವು ಪಟ್ಟ ಸಂಕಟವನ್ನು ನೆನೆದು, ಆ ಮಕ್ಕಳನ್ನು ಕನ್ನಡ ಬಾರದೆಂದು ಹಿಂದೆ ಕೂಡ್ರಿಸದಿರೋಣ.

ಎರಡನೆಯದು: ಹೆಸರು ಹಚ್ಚಿದವರ ಪಟ್ಟಿಯಂತೆಯೇ ಬಿಟ್ಟುಹೋದವರ ಪಟ್ಟಿಯನ್ನೂ ಇಡೋಣ. ಒಬ್ಬ ಹುಡುಗಿ ಹದಿನೈದು ದಿನ ಬಾರದಿದ್ದರೆ ಯಾರಾದರೊಬ್ಬರು ಆಕೆಯ ಊರಿಗೆ ಹೋಗಿ ಕಾರಣವನ್ನು ಕೇಳಲಿ. ಬೀದರ ಭಾಲ್ಕಿಗಳಲ್ಲಿ ಪ್ರಸಾದನಿಲಯದ ಒಂದು ತುತ್ತು, ಒಂದು ಚಾಪೆ, ಜಾತಿಯನ್ನು ಕೇಳದೆ ಆಕೆಗೆ ದೊರೆಯಲಿ.

ಮೂರನೆಯದು ಎಲ್ಲಕ್ಕಿಂತ ಕಠಿನವಾದದ್ದು. ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ನಾವು ಮುದುಕರೂ ಧನಿಕರೂ ಮನೆತನಸ್ಥರೂ ಬಹುಕಾಲ ಕುಳಿತಿದ್ದೇವೆ. ತಾಂಡೆಯಿಂದ, ಹರಿಜನಕೇರಿಯಿಂದ, ಕೂಲಿಕಾರರ ಮನೆಯಿಂದ ಬಂದು ನಮ್ಮಲ್ಲಿಯೇ ಕಲಿತು ಮುಂದೆ ಬಂದವರಿಗೆ, ಅವರಲ್ಲಿಯ ಹೆಣ್ಣುಮಕ್ಕಳಿಗೆ, ಆ ಪೀಠಗಳಲ್ಲಿ ಸ್ಥಳ ಕೊಡೋಣ. ಕಲ್ಯಾಣದ ಅನುಭವಮಂಟಪದಲ್ಲಿ ಮಾದಾರನೂ ಅಂಬಿಗನೂ ಮಾತನಾಡಿದರೆಂದು ಹೆಮ್ಮೆಪಡುವ ನಾವು, ಮಂಡಳಿಯ ಸಭೆಯಲ್ಲಿ ಅವರ ಮಕ್ಕಳ ಮಾತನ್ನು ಕೇಳಲು ಹಿಂಜರಿದರೆ ಆ ಹೆಮ್ಮೆಗೆ ಬೆಲೆಯೇನು?

ಮಹೋತ್ಸವದ ತೋರಣಗಳು ನಾಳೆ ಒಣಗುವುವು. ಮುಂದಿನ ವರ್ಷ ಔರಾದದ ಬಸ್ಸಿನಿಂದಿಳಿದ ಒಂದು ಕೂಸು ಗಂಟು ಕಟ್ಟಿಕೊಂಡು ತಿರುಗಿ ಹೋಗದೆ ಇಲ್ಲಿಯೇ ನಿಂತು ಕಲಿತರೆ, ಈ ಉತ್ಸವವು ಸಾರ್ಥಕವಾಯಿತೆಂದು ತಿಳಿಯುವೆನು.