ಮೂಗಿನ ಮೂಳೆಯ ಒಂದು ಗೆರೆ: ಎಕ್ಸ್‌ರೇ ಸಾಕಾ, ಸಿಟಿ ಬೇಕಾ?

ಹೋದ ವಾರ ಬಂದ ವಾಯ್ಸ್ ನೋಟ್‌ಗಳಲ್ಲಿ ಒಂದನ್ನ ನಾನು ಎರಡೆರಡು ಸಲ ಕೇಳಿದೆ. ಕ್ರಿಕೆಟ್ ಆಡುವಾಗ ರನ್ ಔಟ್ ವಿಷಯಕ್ಕೆ ಜಗಳ, ಒಂದು ಗುದ್ದು, ತಮ್ಮನ ಮೂಗಲ್ಲಿ ರಕ್ತ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ್ರು. ನಾಲ್ಕು ದಿನ ಬಿಟ್ಟು ಸಿಟಿ ಸ್ಕ್ಯಾನ್ ಮಾಡಿಸಿದ್ರೆ ಫ್ರಾಕ್ಚರ್ ಅಂತ ರಿಪೋರ್ಟ್. "ಯಾವುದನ್ನ ನಂಬೋದು ಅಣ್ಣಾ? ಪೊಲೀಸ್ ಕೇಸ್ ಬೇರೆ ಆಗಿದೆ" ಅಂತ ಕೇಳಿದ್ದಾಳೆ ಆ ಹುಡುಗಿ.

ನಾನು ಓದಿದ್ದು ಬಿಕಾಂ. ಡಾಕ್ಟರೂ ಅಲ್ಲ, ಲಾಯರೂ ಅಲ್ಲ. ಆದ್ರೆ ಬ್ಯಾಲೆನ್ಸ್ ಶೀಟಲ್ಲಿ ಒಂದು ಸಾಲು ಆಚೀಚೆ ಆದ್ರೆ ಏನಾಗುತ್ತೆ ಅಂತ ಗೊತ್ತು. ಇಲ್ಲೂ ಹಾಗೇ, ಒಂದು ಗೆರೆಯ ಮೇಲೆ ಎಲ್ಲಾ ನಿಂತಿದೆ.

ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೆ ಅದು ತೀವ್ರ ಗಾಯ. ಎಷ್ಟು ದೊಡ್ಡ ಮೂಳೆ, ಎಷ್ಟು ಮುರಿದಿದೆ ಅಂತೆಲ್ಲ ಅಲ್ಲಿ ಬರೆದಿಲ್ಲ. ಬೇಕಂತಲೇ ಹೊಡೆದು ಸಾಮಾನ್ಯ ಗಾಯ ಮಾಡಿದ್ರೆ 115(2), ಹೆಚ್ಚೆಂದರೆ 1 ವರ್ಷ ಜೈಲು. ತೀವ್ರ ಗಾಯ ಆದ್ರೆ 117(2), 7 ವರ್ಷದವರೆಗೂ ಹೋಗಬಹುದು. ಉದ್ದೇಶ ಏನಿತ್ತು ಅನ್ನೋದನ್ನೂ ಕೋರ್ಟ್ ನೋಡುತ್ತೆ, ಸರಿ. ಆದ್ರೂ ಕೂದಲೆಳೆಯಷ್ಟು ಬಿರುಕು ಒಂದು ವರ್ಷವನ್ನ ಏಳು ಮಾಡಬಹುದು. ನನಗಂತೂ ಈ ಅಳತೆಗೋಲು ಒರಟು ಅನ್ನಿಸುತ್ತೆ.

ಈಗ ಮೂಗಿಗೆ ಬರೋಣ. ಮೂಗಲ್ಲಿ ಮೂಳೆ ಇರೋದು ಮೇಲುಗಡೆ ಮಾತ್ರ, ಕನ್ನಡಕ ಕೂರೋ ಜಾಗದಲ್ಲಿ, ಎರಡು ಪುಟ್ಟ ತೆಳು ಮೂಳೆ. ಕೆಳಗಿನದ್ದೆಲ್ಲ ಮೃದ್ವಸ್ಥಿ, ಕಿವಿಯ ಥರ ಬಾಗುತ್ತಲ್ಲ, ಅದು. ಪಕ್ಕದಿಂದ ಎಕ್ಸ್‌ರೇ ತೆಗೆದ್ರೆ ಎಡ ಬಲ ಎರಡೂ ಮೂಳೆ ಒಂದರ ಮೇಲೊಂದು ಬೀಳುತ್ತೆ. ಜೊತೆಗೆ ಮೂಳೆ ಮೂಳೆ ಸೇರೋ ಜಾಗದ ಗೆರೆ ಇರುತ್ತೆ, ಸಣ್ಣ ನರ ಹಾದುಹೋಗೋ ಗೀರು ಇರುತ್ತೆ. ಹುಟ್ಟಿನಿಂದ ಇರೋ ಆ ಗೆರೆ ಬಿರುಕಿನಂತೆ ಕಾಣಬಹುದು, ನಿಜವಾದ ಬಿರುಕು ಕಾಣದೇ ಹೋಗಬಹುದು. ಅಂದ್ರೆ ಎಕ್ಸ್‌ರೇ ಎರಡೂ ಕಡೆ ತಪ್ಪುತ್ತೆ.

ಸಿಟಿ ಅಂದ್ರೂ ಎಕ್ಸ್‌ರೇನೇ, ಆದ್ರೆ ಸುತ್ತಲಿಂದ ತೆಗೆದು, ಕಂಪ್ಯೂಟರ್ ಲೆಕ್ಕ ಹಾಕಿ, ಬ್ರೆಡ್ ಹೋಳಿನ ಹಾಗೆ ಪದರ ಪದರವಾಗಿ ತೋರಿಸುತ್ತೆ. ಇಲ್ಲಿ ಕೇಳಬೇಕಾದ ಪ್ರಶ್ನೆ: ಹೋಳು ಎಷ್ಟು ದಪ್ಪ? ತಲೆಗೆ ಏಟು ಬಿದ್ದಾಗ ಮಾಡೋ ಬ್ರೇನ್ ಸಿಟಿಯನ್ನ ಎಷ್ಟೋ ಸಲ 5 ಮಿಲಿಮೀಟರ್ ಹೋಳಲ್ಲಿ ನೋಡ್ತಾರೆ. ಅದರಲ್ಲಿ ಮೂಗಿನ ಬಿರುಕು ತಪ್ಪಿಸಿಕೊಳ್ಳಬಹುದು. ಮೂಗಿಗೆ 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಬೇಕು. ಇನ್ನು ಆ ಬಣ್ಣದ 3ಡಿ ಚಿತ್ರ ವಾಟ್ಸಾಪಲ್ಲಿ ಕಳಿಸೋಕೆ ಚೆಂದ. ಆದ್ರೆ ತೆಳು ಮೂಳೆಯಲ್ಲಿ ಅದು ಇಲ್ಲದ ತೂತನ್ನೂ ತೋರಿಸಬಹುದು.

ಹಾಗಾದ್ರೆ ಸಿಟಿಯಲ್ಲಿ ಬಂತು, ಕೇಸ್ ಮುಗೀತಾ? ಇಲ್ಲ. ಮೂಗಿನ ಮೂಳೆ ಎಷ್ಟೋ ಸಲ ಪೂರ್ತಿ ಮೂಳೆಯಾಗಿ ಕೂಡಿಕೊಳ್ಳದೆ ನಾರಿನಂಥ ಅಂಗಾಂಶದಿಂದ ಕೂಡಿಕೊಳ್ಳುತ್ತೆ. ಐದು ವರ್ಷದ ಹಿಂದೆ ಬೈಕಿಂದ ಬಿದ್ದ ಗೆರೆ ಇವತ್ತಿನ ಸ್ಕ್ಯಾನಲ್ಲೂ ಇರಬಹುದು. ಹೊಸದು ಅಂತ ಹೇಳೋಕೆ ಬಿರುಕಿನ ಅಂಚು ಚೂಪಾಗಿದೆಯಾ, ಸುತ್ತ ಊತ ಇದೆಯಾ ನೋಡ್ತಾರೆ. ಅನುಮಾನ ಇದ್ರೆ ಕೆಲವು ವಾರ ಬಿಟ್ಟು ಮತ್ತೊಂದು ಸ್ಕ್ಯಾನ್. ಹೊಸ ಗಾಯವಾದ್ರೆ ಅಂಚು ಆಗ ಮೊಂಡಾಗಿರುತ್ತೆ, ಹಳೆಯದಾದ್ರೆ ಹಾಗೇ ಇರುತ್ತೆ. ಹಾಗಾಗಿ ಏಟು ಬಿದ್ದ ಕೂಡಲೇ ಮಾಡಿಸಿದ ಸ್ಕ್ಯಾನಿಗೂ, ತಿಂಗಳು ಬಿಟ್ಟು ಮಾಡಿಸಿದ್ದಕ್ಕೂ ಒಂದೇ ಬೆಲೆ ಇಲ್ಲ. ನಾಲ್ಕನೇ ದಿನದ್ದು ತಡ ಏನಲ್ಲ.

ಕೇಸ್ ಇಲ್ಲದಿದ್ರೆ? ಆಗ ಬರೀ ಮೂಗಿಗೆ ಪೆಟ್ಟಾದ ಎಲ್ಲರಿಗೂ ಸಿಟಿ ಬೇಕಿಲ್ಲ. ಇಎನ್‌ಟಿ ಡಾಕ್ಟರ್ ಮುಟ್ಟಿ ನೋಡಿ, ಮೂಗು ಸೊಟ್ಟಗಾಗಿದೆಯಾ, ಉಸಿರಾಟ ಸರಿ ಇದೆಯಾ ಅಂತ ನೋಡಿಯೇ ನಿರ್ಧಾರ ಮಾಡ್ತಾರೆ. ಸೊಟ್ಟಗಾಗಿದ್ರೆ ದೊಡ್ಡವರಿಗೆ ಸುಮಾರು ಎರಡು ವಾರದೊಳಗೆ ಸರಿಯಾಗಿ ಕೂರಿಸಬೇಕು, ಮಕ್ಕಳಿಗೆ ಇನ್ನೂ ಬೇಗ.

ಮತ್ತೆ ದಯವಿಟ್ಟು ಇದೊಂದನ್ನ ಮರೀಬೇಡಿ. ಎರಡು ಹೊಳ್ಳೆಗಳ ಮಧ್ಯದ ಗೋಡೆಯಲ್ಲಿ ರಕ್ತ ಕಟ್ಟಿ ಊದಿಕೊಂಡ್ರೆ ಅದಕ್ಕೆ ಸ್ಕ್ಯಾನ್ ಕ್ಯೂನಲ್ಲಿ ಕಾಯಬಾರದು. ಡಾಕ್ಟರ್ ಲೈಟ್ ಹಾಕಿ ನೋಡಿದ್ರೆ ಗೊತ್ತಾಗುತ್ತೆ, ಬೇಗ ತೆಗೆಸಬೇಕು. ಬಿಟ್ರೆ ಕೆಲವೇ ದಿನದಲ್ಲಿ ಮೃದ್ವಸ್ಥಿ ಸತ್ತು ಮೂಗಿನ ನಡು ಕುಸಿಯುತ್ತೆ. ಮೂಗಿಂದ ನೀರಿನಂಥ ತಿಳಿ ದ್ರವ ಸೋರ್ತಾ ಇದ್ರೆ ಅದು ಮಿದುಳಿನ ಸುತ್ತಲಿನ ದ್ರವ ಆಗಿರಬಹುದು. ಆಗ ಎಮರ್ಜೆನ್ಸಿಗೇ ಹೋಗಿ, ಅಲ್ಲಿ ಸಿಟಿ ಬೇಕೇ ಬೇಕು.

ವಾಯ್ಸ್ ನೋಟ್ ಕಳಿಸಿದ ತಂಗೀ, ಆಸ್ಪತ್ರೆಯಲ್ಲಿ ಎಂಎಲ್‌ಸಿ ಅಂತ ದಾಖಲಾಗಿದೆಯಾ ಮೊದಲು ನೋಡು. ಸ್ಕ್ಯಾನ್ ಫಿಲ್ಮ್ ಒಂದೇ ಸಾಲದು, ಎಲ್ಲಾ ಹೋಳೂ ಇರೋ ಸಿಡಿ ಕೇಳಿ ಇಸ್ಕೋ. ತಮ್ಮನಿಗೆ ಹಿಂದೆ ಯಾವಾಗಲಾದ್ರೂ ಮೂಗಿಗೆ ಏಟಾಗಿದ್ರೆ ಅದನ್ನ ಡಾಕ್ಟರ್‌ಗೆ ಮುಚ್ಚಿಡಬೇಡಿ. ಎದುರು ಪಾರ್ಟಿ ಲಾಯರ್ ಕೋರ್ಟಲ್ಲಿ ಮೊದಲು ಕೇಳೋದೇ ಅದನ್ನ.