ಬರಿದಾದ ಉಡಿಯೂ ಮಾತೆಯ ಹಬ್ಬವೂ

(ಕನ್ಯಾಮರಿಯಮ್ಮನವರ ಜನನೋತ್ಸವ, ಸೆಪ್ಟೆಂಬರ್ 8. ಕಟಕೋಳದಲ್ಲಿ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ಶುಭಸಂದೇಶ: ಮತ್ತಾಯ 1:1-16, 18-23)



ಒಂಬತ್ತು ದಿನಗಳ ನೊವೆನಾ ಮುಗಿಸಿ ಇಂದು ನಮ್ಮ ತಾಯಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಸೇರಿದ್ದೇವೆ. ಮಕ್ಕಳು ದಿನಾಲೂ ಹೂ ತಂದು ಮಾತೆಯ ಪಾದಕ್ಕೆ ಅರ್ಪಿಸಿದ್ದಾರೆ. ನಿಮಗೆಲ್ಲರಿಗೂ ಹಬ್ಬದ ಶುಭಾಶಯಗಳು. ಆದರೆ ಮೊದಲು ನಾನು ನಿಮ್ಮ ಮುಂದೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಮೇ ತಿಂಗಳ ಎರಡನೆಯ ರವಿವಾರ, ತಾಯಂದಿರ ದಿನವೆಂದು, ಪೂಜೆಯ ಕೊನೆಗೆ "ತಾಯಂದಿರೆಲ್ಲ ಎದ್ದು ನಿಲ್ಲಿರಿ" ಎಂದು ಹೇಳಿದೆ. ಮಕ್ಕಳು ಗುಲಾಬಿ ಹೂ ಕೊಟ್ಟರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಒಬ್ಬ ಸಹೋದರಿ ಮಾತ್ರ ಅರ್ಧ ಎದ್ದು, ಮತ್ತೆ ಕುಳಿತು, ಸೆರಗನ್ನು ಬಾಯಿಗೆ ಹಿಡಿದುಕೊಂಡು ಹೊರಗೆ ಹೋದರು. ಸಂಜೆ ಅವರ ಮನೆಗೆ ಹೋದೆ. ಹುಟ್ಟಿದ ದಿನವೇ ತೀರಿಕೊಂಡ ಕೂಸಿನ ತಾಯಿ ಅವರು. "ನಿಂತ್ರ ಸುಳ್ಳ ಹೇಳಿದಂಗ ಆಕ್ಕೈತಿ, ಕುಂತ್ರ ನನ್ನ ಕೂಸು ಹುಟ್ಟೇ ಇಲ್ಲ ಅಂದಂಗ ಆಕ್ಕೈತಿ. ನಾ ಏನ ಮಾಡ್ಲಿ ಫಾದರ್?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವರ ಒಪ್ಪಿಗೆ ಪಡೆದೇ ಇಂದು ಇದನ್ನು ಹೇಳುತ್ತಿದ್ದೇನೆ.

ಈ ಪ್ರಶ್ನೆ ಅವರೊಬ್ಬರದಲ್ಲ. ಈ ವರ್ಷ ಅವ್ವನನ್ನು ಮಣ್ಣು ಮಾಡಿ ಬಂದವರು ಇಲ್ಲಿದ್ದೀರಿ. ಅವ್ವ ಗೋವಾಕ್ಕೆ ದುಡಿಯಲು ಹೋಗಿ, ಅಜ್ಜಿಯ ಕೈಯಲ್ಲಿ ಬೆಳೆಯುತ್ತಿರುವ ಮಕ್ಕಳಿದ್ದೀರಿ. ಮಕ್ಕಳಾಗಲಿಲ್ಲವೆಂದು ಜನರ ಮಾತು ಕೇಳಿ ಸಾಕಾದವರಿದ್ದೀರಿ. ತಾಯಿಯಿಂದ ಪ್ರೀತಿಗಿಂತ ಪೆಟ್ಟನ್ನೇ ಹೆಚ್ಚು ಉಂಡವರೂ ಇದ್ದೀರಿ. ತಾಯಿಯ ಹಬ್ಬ ಬಂದರೆ ಇಂಥವರಿಗೆ ಒಂದು ಕಣ್ಣಿನಲ್ಲಿ ನಗು, ಇನ್ನೊಂದು ಕಣ್ಣಿನಲ್ಲಿ ನೀರು. ಮೇಲಾಗಿ "ಹಬ್ಬದ ದಿನ ಅಳಬಾರದು" ಎಂಬ ಹಿರಿಯರ ಮಾತು ಬೇರೆ. ಅತ್ತರೆ ಪಾಪವೇನೋ ಎಂಬ ಅಂಜಿಕೆ.

ತಾಯಂದಿರ ದಿನ ಹುಟ್ಟಿದ್ದೇ ಕಣ್ಣೀರಿನಲ್ಲಿ. ಅಮೆರಿಕದ ಆ್ಯನ್ ರೀವ್ಸ್ ಜಾರ್ವಿಸ್ ಎಂಬ ತಾಯಿ, ಹೆತ್ತ ಮಕ್ಕಳಲ್ಲಿ ಹೆಚ್ಚಿನವರನ್ನು ಎಳೆವಯಸ್ಸಿನಲ್ಲೇ ಕಳೆದುಕೊಂಡವರು. 1905ರಲ್ಲಿ ಅವರು ತೀರಿಕೊಂಡರು. ಅವರ ನೆನಪಿಗಾಗಿ ಮಗಳು ಆ್ಯನಾ 1908ರ ಮೇ 10ರಂದು ಗ್ರಾಫ್ಟನ್ ಎಂಬ ಊರಿನ ಚರ್ಚಿನಲ್ಲಿ ಪ್ರಾರ್ಥನೆ ಏರ್ಪಡಿಸಿದರು. ಅದೇ ಈ ದಿನದ ಆರಂಭ. ಆ್ಯನಾ ಮದುವೆಯಾಗಲಿಲ್ಲ, ಅವರಿಗೆ ಮಕ್ಕಳಿರಲಿಲ್ಲ. ನನ್ನ ಮಾತಿನಂತೆ ನಡೆದಿದ್ದರೆ, ಆ ದಿನವನ್ನು ಆರಂಭಿಸಿದವರೇ ಕುಳಿತಿರಬೇಕಾಗಿತ್ತು!

ಪ್ರಿಯರೇ, ಇಂದಿನ ಶುಭಸಂದೇಶವನ್ನು ನೋಡಿರಿ. ಮಾತೆಯ ಹಬ್ಬದಂದು ಧರ್ಮಸಭೆ ನಮಗೆ ಓದಿಸುವುದು ಉದ್ದನೆಯ ವಂಶಾವಳಿಯನ್ನು. ಎಲ್ಲವೂ ಗಂಡಸರ ಹೆಸರುಗಳು. ನಡುವೆ ಮರಿಯಮ್ಮನವರಿಗಿಂತ ಮೊದಲು ನಾಲ್ವರು ತಾಯಂದಿರು ಬರುತ್ತಾರೆ. ತಾಮಾರಳು ವಿಧವೆಯಾಗಿ ಮಾವನಿಂದ ಅನ್ಯಾಯ ಉಂಡವಳು. ರಾಹಾಬಳು ಊರವರು ಬೆರಳು ತೋರಿಸುತ್ತಿದ್ದವಳು. ರೂತಳು ಪರನಾಡಿನ ವಿಧವೆ ಸೊಸೆ. ಊರೀಯನ ಹೆಂಡತಿ ಗಂಡನನ್ನೂ ಕಳೆದುಕೊಂಡು, ಬಳಿಕ ಹೆತ್ತ ಕೂಸನ್ನೂ ಕಳೆದುಕೊಂಡವಳು. ಈ ನೊಂದ ತಾಯಂದಿರನ್ನು ಮತ್ತಾಯ ಮರೆಮಾಡಲಿಲ್ಲ.

ರೂತಳ ಬೆನ್ನ ಹಿಂದೆ ಇನ್ನೊಬ್ಬ ತಾಯಿ ಇದ್ದಾಳೆ, ಅತ್ತೆ ನವೊಮಿ. ಬರಗಾಲಕ್ಕೆ ಬೆತ್ಲೆಹೇಮ್ ಬಿಟ್ಟು ಗುಳೆ ಹೋದ ಕುಟುಂಬ ಅವಳದು. ಅಲ್ಲಿ ಗಂಡ ಸತ್ತ, ಇಬ್ಬರು ಗಂಡುಮಕ್ಕಳೂ ಸತ್ತರು. ಊರಿಗೆ ಮರಳಿದಾಗ ಅವಳು, ತುಂಬಿಕೊಂಡು ಹೋದ ತನ್ನನ್ನು ದೇವರು ಬರಿಗೈಯಲ್ಲಿ ತಂದರೆಂದು ಎಲ್ಲರೆದುರೇ ಹೇಳಿದಳು. ಊರ ಹೆಂಗಸರು ಅವಳ ಬಾಯಿ ಮುಚ್ಚಿಸಲಿಲ್ಲ. ಮುಂದೆ ರೂತಳಿಗೆ ಮಗ ಹುಟ್ಟಿದಾಗ ನವೊಮಿ ಆ ಕೂಸನ್ನು ಮಡಿಲಿಗೆ ತೆಗೆದುಕೊಂಡಳು, ಅದೇ ಹೆಂಗಸರು ಅವಳ ಜೊತೆ ಸಂತೋಷಪಟ್ಟರು. ಸತ್ತ ಮಕ್ಕಳು ತಿರುಗಿ ಬರಲಿಲ್ಲ. ಆದರೂ ಬರಿದಾದ ಉಡಿ ತುಂಬಿತು. ಒಂದೇ ಉಡಿಯಲ್ಲಿ ದುಃಖವೂ ಇತ್ತು, ಸಂತೋಷವೂ ಇತ್ತು.

ನಮ್ಮ ಜಪಸರವೂ ಇದನ್ನೇ ಕಲಿಸುತ್ತದೆ. ಸಂತೋಷದ ದೇವರಹಸ್ಯಗಳಲ್ಲಿ ನಾಲ್ಕನೆಯದು ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ್ದು, ಐದನೆಯದು ಕಳೆದುಹೋದ ಬಾಲಕನನ್ನು ಮತ್ತೆ ಕಂಡದ್ದು. ಆದರೆ ಮಾತೆಯ ಏಳು ವ್ಯಾಕುಲಗಳನ್ನು ಎಣಿಸುವಾಗಲೂ ಇವೆರಡು ಬರುತ್ತವೆ. ಅರ್ಪಿಸಲು ಹೋದ ದಿನವೇ, ಆಕೆಯ ಹೃದಯವನ್ನು ಅಲಗು ಇರಿಯುವುದೆಂದು ಸಿಮೆಯೋನನು ಹೇಳಿದ. ಮಗ ಸಿಗುವ ಮೊದಲು ಆ ತಾಯಿ ಮೂರು ದಿನ ತಳಮಳಿಸಿ ಹುಡುಕಿದ್ದರು. ಸಂತೋಷವೆಂದೂ ವ್ಯಾಕುಲವೆಂದೂ ಧರ್ಮಸಭೆಯೇ ಎರಡು ಕಡೆ ಲೆಕ್ಕ ಹಿಡಿದಿರುವಾಗ, ಎರಡನ್ನೂ ಹೊತ್ತು ಬಂದ ನಿಮ್ಮ ಹೃದಯ ತಪ್ಪು ಹೃದಯವಲ್ಲ.

ಆ ಸಹೋದರಿ ಅಂಜುತ್ತಾ ಇನ್ನೊಂದು ಮಾತು ಕೇಳಿದ್ದರು. ಜ್ಞಾನಸ್ನಾನವಾಗದ ಕೂಸು ಈಗ ಎಲ್ಲಿದೆ? ಅಂಥ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ಅವರ ರಕ್ಷಣೆಯ ನಿರೀಕ್ಷೆ ನಮಗಿದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥ (1261) ಹೇಳುತ್ತದೆ. ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ ಈ ನಿರೀಕ್ಷೆಗೆ ಬಲವಾದ ಆಧಾರಗಳನ್ನು ವಿವರಿಸಿತು. ಮಕ್ಕಳನ್ನು ತನ್ನ ಬಳಿಗೆ ಬಿಡಿರೆಂದ ಪ್ರಭು ನಿಮ್ಮ ಕೂಸನ್ನು ದೂರ ತಳ್ಳುವರೇ? ಆದ್ದರಿಂದ ತಾಯೀ, ನೀವು ತಾಯಿಯೇ. ನಿಂತರೂ ತಾಯಿ, ಕುಳಿತರೂ ತಾಯಿ.

ಇನ್ನು ನಮ್ಮ ಪದ್ಧತಿಯ ಬಗ್ಗೆ ಒಂದು ಮಾತು. ಮಗಳು ತವರಿನಿಂದ ಹೊರಟಾಗ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬುವುದು ನಮ್ಮ ಭಾಗದ ಸುಂದರ ಪದ್ಧತಿ. ಆದರೆ ಆ ಹೊತ್ತಿಗೆ ವಿಧವೆಯಾದ ಅತ್ತಿಗೆ ಅಡುಗೆಮನೆಗೆ ಸರಿಯುತ್ತಾಳೆ, ಮಕ್ಕಳಿಲ್ಲದ ಚಿಗವ್ವ ಬಾಗಿಲ ಹಿಂದೆ ನಿಲ್ಲುತ್ತಾಳೆ. ಶಿಲುಬೆಯ ಕೆಳಗೆ ನಿಂತಾಗ ಮಾತೆ ಮರಿಯಮ್ಮನವರು ವಿಧವೆಯಾಗಿದ್ದರು ಎಂಬುದು ಪರಂಪರೆಯ ನಂಬಿಕೆ. ನಾವು ಹೂವು ಏರಿಸುವ ತಾಯಿಯೇ ವಿಧವೆಯಾಗಿರುವಾಗ, ನಾವು ಯಾರನ್ನು ಬಾಗಿಲ ಹಿಂದೆ ನಿಲ್ಲಿಸುತ್ತಿದ್ದೇವೆ? ಯೇಸುಸ್ವಾಮಿ ಆ ಒಂಟಿ ತಾಯಿಯನ್ನು ಶಿಷ್ಯನ ಮನೆಗೆ ಒಪ್ಪಿಸಿದರು. ಆ ಜವಾಬ್ದಾರಿ ಈಗ ನಮ್ಮದು.

ತಾಯಿಯಿಂದಲೇ ನೊಂದವರಿಗೂ ಹೇಳುತ್ತೇನೆ. ತಂದೆತಾಯಿಯನ್ನು ಗೌರವಿಸುವುದೆಂದರೆ ಆದ ಗಾಯವನ್ನು ಇಲ್ಲವೆನ್ನುವುದಲ್ಲ. ಕ್ಷಮಿಸಲು ಇನ್ನೂ ಆಗದಿದ್ದರೆ, "ಪ್ರಭುವೇ, ನನ್ನಿಂದ ಆಗುತ್ತಿಲ್ಲ" ಎಂದಷ್ಟೇ ಹೇಳಿರಿ. ಅದೂ ಪ್ರಾರ್ಥನೆಯೇ.

ಇಂದು ನಾನು ಯಾರನ್ನೂ ಎದ್ದು ನಿಲ್ಲಲು ಹೇಳುವುದಿಲ್ಲ. ಪೀಠದ ಬಳಿ ಒಂದು ಬುಟ್ಟಿ ಇಟ್ಟಿದ್ದೇವೆ. ತೀರಿಕೊಂಡ ತಾಯಿಯ ಹೆಸರು, ಕಳೆದುಕೊಂಡ ಮಗುವಿನ ಹೆಸರು ಬರೆದು ಹಾಕಿರಿ. ಹೆಸರಿಡದ ಕೂಸಾದರೆ "ನನ್ನ ಕೂಸು" ಎಂದು ಬರೆಯಿರಿ, ದೇವರಿಗೆ ಗೊತ್ತು. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡುತ್ತಾರೆ. ಏಳು ದಿನಗಳ ಮೇಲೆ, ಸೆಪ್ಟೆಂಬರ್ 15ರಂದು, ವ್ಯಾಕುಲ ಮಾತೆಯ ಸ್ಮರಣೆ. ಆ ದಿನದ ಬಲಿಪೂಜೆಯನ್ನು ಆ ಎಲ್ಲ ಹೆಸರುಗಳಿಗಾಗಿ ಅರ್ಪಿಸುತ್ತೇನೆ. ಗೋವಾದಲ್ಲಿರುವ ಅವ್ವಂದಿರಿಗೆ ಇಂದು ಊಟಕ್ಕೆ ಮೊದಲು ಫೋನು ಹಚ್ಚಿರಿ. ಹಬ್ಬದ ಊಟಕ್ಕೆ ಓಣಿಯಲ್ಲಿ ಒಬ್ಬಂಟಿಯಾಗಿರುವ ಒಬ್ಬ ಹಿರಿಯಳನ್ನಾದರೂ ಕರೆಯಿರಿ.

ನಗುತ್ತಾ ಬಂದವರನ್ನೂ ಅಳುತ್ತಾ ಬಂದವರನ್ನೂ ಮಾತೆ ಮರಿಯಮ್ಮನವರು ಒಂದೇ ಸೆರಗಿನಲ್ಲಿ ಕಾಯಲಿ. ಆಮೆನ್.