ಕಾಡು ತೋರಿಸುವ ಕಸುಬು

(ವಿದ್ಯಾರ್ಥಿಗಳ ನಿಸರ್ಗ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ವನ್ಯಜೀವಿ ಸಂರಕ್ಷಣೆಯನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಲು ಏನು ಓದಬೇಕೆಂದು ನಿಮ್ಮಲ್ಲಿ ಹಲವರು ಚೀಟಿ ಬರೆದು ಕೇಳಿದ್ದೀರಿ. ಓದಿನ ಮಾತನ್ನು ಬೇಗ ಮುಗಿಸುತ್ತೇನೆ. ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯ ಮಹಾವಿದ್ಯಾಲಯಗಳಿವೆ. ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಸ್ನಾತಕೋತ್ತರ ವ್ಯಾಸಂಗವುಂಟು. ಡೆಹ್ರಾಡೂನಿನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯಿದೆ. ಅಲ್ಲಿ ಸೀಟು ಸಿಗುವುದು ಕೆಲವರಿಗೆ ಮಾತ್ರ. ಬೇರೆ ವಿಷಯ ಓದಿದವರೂ ನಿರಾಶರಾಗಬೇಕಿಲ್ಲ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಮೊದಲು ಪಡೆದದ್ದು ಸುರತ್ಕಲ್ಲಿನ ಇಂಜಿನಿಯರಿಂಗ್ ಪದವಿಯನ್ನು. ಆದರೆ ಸಂಶೋಧನೆಯ ಕೆಲಸಗಳಲ್ಲಿ ಬಹುಪಾಲು ಯೋಜನೆಗೆ ಕಟ್ಟುಬಿದ್ದವು; ಯೋಜನೆ ಮುಗಿದೊಡನೆ ಸಂಬಳವೂ ನಿಲ್ಲುತ್ತದೆ. ಇದನ್ನು ಮರೆಮಾಚಿ ನಿಮ್ಮನ್ನು ಹುರಿದುಂಬಿಸುವುದು ನ್ಯಾಯವಲ್ಲ.

ಊರಿನಲ್ಲಿಯೇ ಉಳಿಯಬಯಸುವವರಿಗೆ ಇನ್ನೊಂದು ದಾರಿಯಿದೆ: ಪ್ರವಾಸಿಗರಿಗೆ ಕಾಡು ತೋರಿಸುವ ಮಾರ್ಗದರ್ಶಿಯ ಕಸುಬು. ಹೋಂಸ್ಟೇಗಳು ಹೆಚ್ಚಿದಂತೆ ಈ ಕೆಲಸವೂ ಹೆಚ್ಚುತ್ತಿದೆ. ಇದು ಕಾಡನ್ನು ಉಳಿಸೀತೋ ಕೆಡಿಸೀತೋ ಎಂಬುದೇ ನನ್ನ ಚಿಂತೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನೇ ನೋಡಿ. ಅಲ್ಲಿಯ ರಾಂಪತ್ರೆ ಜಡ್ಡಿ ಅತಿ ಪುರಾತನ ಬಗೆಯ ಜೌಗು ಕಾಡು. ಆ ಪ್ರದೇಶದ ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ್ದು 2014ರಲ್ಲಿ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕಪ್ಪೆ ತೊರೆಯ ತಳದ ಕೆಸರನ್ನು ಮುಂಗಾಲುಗಳಿಂದ ತಂದು, ಮಡಕೆಗೆ ಮಣ್ಣು ಮೆತ್ತುವಂತೆ ಮೊಟ್ಟೆಗಳಿಗೆ ಮೆತ್ತುತ್ತದೆ. ಇಂಥ ಸೋಜಿಗವನ್ನು ನೋಡಲು ದೂರದಿಂದ ಜನ ಬರುವುದು ಸಹಜ. ಹತ್ತು ಜನ ಟಾರ್ಚು ಹಿಡಿದು ತೊರೆಗಿಳಿದರೆ, ಚಿತ್ರಕ್ಕಾಗಿ ಕಪ್ಪೆಯನ್ನು ಹಿಡಿದು ಎಲೆಯ ಮೇಲೆ ಕೂರಿಸಿದರೆ, ಆ ರಾತ್ರಿಯ ಸಂತಾನಕಾರ್ಯ ಅಲ್ಲಿಗೇ ಮುಗಿಯಿತು.

ಕೃಷಿಯವನಾದ್ದರಿಂದ ತೋಟದ ಉದಾಹರಣೆ ಕೊಡುತ್ತೇನೆ. ಅಡಿಕೆಗೆ ಕೊಳೆರೋಗ ತರುವ ಜೀವಿಯ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಜಡಿಮಳೆಯಲ್ಲಿ ರೋಗ ತೋಟವಿಡೀ ಹಬ್ಬುವುದಕ್ಕೆ ಅದೂ ಒಂದು ಕಾರಣ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರದ್ದೂ ಇದೇ ಬಗೆ. ಆಸ್ಟ್ರೇಲಿಯ, ಮಧ್ಯ ಅಮೆರಿಕಗಳಲ್ಲಿ ಅದು ಕಪ್ಪೆಗಳ ಹಲವು ಪ್ರಭೇದಗಳನ್ನೇ ಅಳಿಸಿಹಾಕಿತು. ನಮ್ಮ ಘಟ್ಟದ ಕಪ್ಪೆಗಳಲ್ಲಿಯೂ ಅದರ ಸುಳಿವು ಸಿಕ್ಕಿದೆ. ಒದ್ದೆ ಬೂಟಿನ ಕೆಸರು ಅದನ್ನು ತೊರೆಯಿಂದ ತೊರೆಗೆ ಒಯ್ಯಬಲ್ಲದು. ಬೂಟು ತೊಳೆದು ಒಣಗಿಸದ ಅತಿಥಿಯನ್ನು ಇನ್ನೊಂದು ತೊರೆಗೆ ಇಳಿಸಬಾರದೆಂಬುದು ಇದರಿಂದಲೇ. ಸಿಂಗಳೀಕಕ್ಕೆ ಬಾಳೆಹಣ್ಣು ಎಸೆದು ರಸ್ತೆಗೆ ಕರೆಯುವುದೂ ಅಂಥದ್ದೇ ಅಪಾಯ. ಹಣ್ಣಿನ ರುಚಿ ಹತ್ತಿದ ಮಂಗ ವಾಹನದಡಿ ಸಾಯುತ್ತದೆ.

ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ 2019ರಲ್ಲಿ ಘೋಷಣೆಯಾದುದನ್ನು ಈ ಭಾಗದವರು ಮರೆಯುವಂತಿಲ್ಲ. ಕದ್ದು ಕರೆದೊಯ್ಯುವವನ ಮೇಲೆ ಮೊಕದ್ದಮೆ ಬಿದ್ದಾಗ ಅತಿಥಿ ಬೆಂಗಳೂರಿನಲ್ಲಿರುತ್ತಾನೆ! ಇನ್ನು ಜನಸಂದಣಿಯ ಮಾತು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ಜಾತ್ರೆಯೇ ನೆರೆದು, ಸರ್ಕಾರ ಚಾರಣವನ್ನು ಕೆಲಕಾಲ ತಡೆಯಬೇಕಾಯಿತು. ತಲೆಯೆಣಿಸಿ ದುಡಿಯುವ ಕಸುಬಿಗೆ ಆಯುಷ್ಯ ಕಡಿಮೆ. ನಾಲ್ಕು ಜನರನ್ನು ಮೂರು ದಿನ ಉಳಿಸಿಕೊಂಡು ಮರ, ಹಕ್ಕಿ, ಸೊಪ್ಪಿನ ಬೆಟ್ಟ, ತೋಟಗಳ ಸಂಬಂಧವನ್ನು ತಿಳಿಸಬಲ್ಲವನಿಗೆ ಜಾತ್ರೆಯ ಹಂಗಿಲ್ಲ. ಆ ತಿಳಿವಳಿಕೆ ನಿಮ್ಮ ಅಜ್ಜಿಯರಲ್ಲಿ ಅರ್ಧವಿದೆ. ಉಳಿದರ್ಧಕ್ಕೆ ದುರ್ಬೀನು, ದಿನಚರಿ ಪುಸ್ತಕ, ಎರಡು ಮೂರು ಮಳೆಗಾಲಗಳ ತಾಳ್ಮೆ ಬೇಕು.

ಹೋಂಸ್ಟೇ ನಡೆಸುವ ಹಿರಿಯರಲ್ಲಿ ಒಂದು ಬಿನ್ನಹ. ಪ್ರಾಣಿ ಕಂಡರೆ ಇನಾಮು, ಕಾಣದಿದ್ದರೆ ಬರಿಗೈ ಎಂಬ ಪದ್ಧತಿಯಿರುವ ತನಕ ಯಾವ ಹುಡುಗನೂ ಅತಿಥಿಗೆ "ಬೇಡ, ಮುಟ್ಟಬೇಡಿ" ಎನ್ನಲಾರ. ಕಪ್ಪೆ ಕಾಣಲಿ ಬಿಡಲಿ, ಮಾರ್ಗದರ್ಶಿಯ ದಿನದ ಸಂಬಳ ಇಷ್ಟು ಎಂದು ನಿಗದಿ ಮಾಡಿ, ಅತಿಥಿಗಳು ಮನೆಯಿಂದ ಹೊರಡುವ ಮುನ್ನವೇ ತಿಳಿಸಿಬಿಡಿ.